ಮೀನುಕೊಳದಲ್ಲಿ ಇಂಗಾಲಾಮ್ಲ ವಾಯುವಿನ ಹತೋಟಿ

ಕಾಟ್ಲಾ, ರೋಹು, ಮೃಗಾಲ್ ಸಾಕಿರುವ ಕೊಳಗಳಲ್ಲಿ ಕೆಲವೊಮ್ಮೆ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಬಿಸಿಲೇರಿದ ಮೇಲೆ ಕೆಳಗಿಳಿಯುವುದರಿಂದ ಅನೇಕ ರೈತರು ಇದನ್ನು ಅಲಕ್ಷಿಸುತ್ತಾರೆ. ಆದರೆ ಎರಡು ಮೂರು ದಿನ ಮೋಡ ಕವಿದರೆ ಒಂದೇ ರಾತ್ರಿಯಲ್ಲಿ ಇಡೀ ಕೊಳದ ಮೀನು ಸಾಯಬಹುದು.

ಹಗಲಿನಲ್ಲಿ ಹಸಿರು ಪಾಚಿ ಹಾಗೂ ಜಲಸಸ್ಯಗಳು ಇಂಗಾಲಾಮ್ಲ ವಾಯುವನ್ನು ಹೀರಿ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಮೀನಿನಂತೆ ಉಸಿರಾಡುತ್ತವೆ ಅಷ್ಟೆ. ತಳದಲ್ಲಿ ಕೊಳೆಯುವ ಸಗಣಿ ಗೊಬ್ಬರವೂ ಇದಕ್ಕೆ ಸೇರುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ಅತಿ ಕಡಿಮೆ, ಇಂಗಾಲಾಮ್ಲ ಅತಿ ಹೆಚ್ಚು. ಇಂಗಾಲಾಮ್ಲ ಹೆಚ್ಚಿದಾಗ ಮೀನಿನ ರಕ್ತವು ಇರುವ ಅಲ್ಪ ಆಮ್ಲಜನಕವನ್ನೂ ಸರಿಯಾಗಿ ಹಿಡಿಯಲಾರದು.

ಮಧ್ಯಾಹ್ನ ಮಾತ್ರ ನೀರು ಪರೀಕ್ಷಿಸಿ ಸಮಾಧಾನಪಡುವುದು ಸರಿಯಲ್ಲ. ರಸಸಾರವನ್ನು ನಸುಕಿನಲ್ಲೊಮ್ಮೆ, ಮಧ್ಯಾಹ್ನವೊಮ್ಮೆ ನೋಡಬೇಕು. ರಸಸಾರ 8.3 ದಾಟಿದರೆ ನೀರಿನಲ್ಲಿ ಬಿಡಿಯಾದ ಇಂಗಾಲಾಮ್ಲ ಉಳಿದಿರುವುದಿಲ್ಲ. ಮಧ್ಯಾಹ್ನ ಅದು 9.5 ದಾಟುತ್ತಿದ್ದರೆ ಪಾಚಿ ಅತಿಯಾಗಿದೆಯೆಂದು ತಿಳಿದು ಗೊಬ್ಬರವನ್ನು ಕೂಡಲೇ ನಿಲ್ಲಿಸಬೇಕು. ಮಲೆನಾಡು, ಕರಾವಳಿಯ ಹುಳಿಮಣ್ಣಿನ ಮೆದು ನೀರಿನಲ್ಲಿ ಈ ಏರಿಳಿತ ಹೆಚ್ಚು. ಅಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ನೀರು ತುಂಬುವ ಮೊದಲೇ ತಳಕ್ಕೆ ಕೃಷಿ ಸುಣ್ಣ ಹಾಕಬೇಕು.

ಮೀನು ಬಾಯಿ ಬಿಡುತ್ತಿರುವುದು ಕಂಡ ತಕ್ಷಣ ಮೇವು ನಿಲ್ಲಿಸಿ, ಕೊಳದ ನೀರನ್ನೇ ಪಂಪಿನಿಂದ ಎತ್ತಿ ಮೇಲಿನಿಂದ ಚಿಮ್ಮಿಸಿರಿ. ಆಮ್ಲಜನಕ ಸೇರುತ್ತದೆ, ಇಂಗಾಲಾಮ್ಲ ಹೊರಹೋಗುತ್ತದೆ. ಅರಳಿದ ಸುಣ್ಣ ಇಂಗಾಲಾಮ್ಲವನ್ನು ಹಿಡಿಯುತ್ತದೆಯೇ ಹೊರತು ಆಮ್ಲಜನಕ ಕೊಡದು. ಆದ್ದರಿಂದ ಪಂಪೇ ಮೊದಲು. ಒಂದು ಎಕರೆ ಹರವಿನ, ಒಂದು ಮೀಟರ್ ಆಳದ ಕೊಳದಲ್ಲಿ ಸುಮಾರು 40 ಲಕ್ಷ ಲೀಟರ್ ನೀರಿರುತ್ತದೆ. ಲೀಟರಿಗೆ 10 ಮಿಲಿಗ್ರಾಂ ಇಂಗಾಲಾಮ್ಲ ತೆಗೆಯಲು ಸುಮಾರು 34 ಕಿಲೋ ಅರಳಿದ ಸುಣ್ಣ ಬೇಕಾಗುತ್ತದೆ. ಇದನ್ನು ನೀರಿನಲ್ಲಿ ಕಲಸಿ, ಬೆಳಗ್ಗೆ ಹಲವು ಕಂತುಗಳಲ್ಲಿ ಕೊಳದ ತುಂಬ ಎರಚಬೇಕು. ಒಮ್ಮೆಲೆ ಸುರಿದರೆ ರಸಸಾರ ಏರಿ, ನೀರಿನಲ್ಲಿರುವ ಅಮೋನಿಯ ವಿಷವಾಗುತ್ತದೆ.

ಅಂತರಗಂಗೆಯಂಥ ಕಳೆ ಕೊಳವನ್ನು ಮುಚ್ಚಿದ್ದರೆ ಒಂದೇ ದಿನ ಔಷಧಿ ಹೊಡೆದು ಕೊಲ್ಲಬೇಡಿ. ಸತ್ತ ಕಳೆ ಕೊಳೆತು ಆಮ್ಲಜನಕವನ್ನು ತಿನ್ನುತ್ತದೆ, ಇಂಗಾಲಾಮ್ಲವನ್ನು ಹೆಚ್ಚಿಸುತ್ತದೆ. ಸ್ವಲ್ಪಸ್ವಲ್ಪವಾಗಿ ಎಳೆದು ದಡಕ್ಕೆ ಹಾಕಿ. ಗೊಬ್ಬರದ ಗುಂಡಿಗೆ ಅದು ಬಹಳ ಚೆನ್ನಾಗಿ ಆಗುತ್ತದೆ.

ಕೊಳವೆ ಬಾವಿಯ ನೀರನ್ನು ನೇರವಾಗಿ ಬಿಡುವವರೂ ಗಮನಿಸಬೇಕು. ಆಳದ ನೀರಿನಲ್ಲಿ ಅನೇಕ ಕಡೆ ಇಂಗಾಲಾಮ್ಲ ಹೆಚ್ಚು, ಆಮ್ಲಜನಕ ಬಹಳ ಕಡಿಮೆ. ಪೈಪಿನ ಬಾಯಿಯನ್ನು ಎತ್ತರದಲ್ಲಿಟ್ಟು, ಕಲ್ಲಿನ ರಾಶಿಯ ಮೇಲೆ ನೀರು ಒಡೆದು ಬೀಳುವಂತೆ ಮಾಡಿದರೆ ಸಾಕು. ಇದಕ್ಕೆ ಬೇರೆ ಖರ್ಚಿಲ್ಲ.