ಮುಸುವಗಳ ವಂಶ, ಘಟ್ಟದ ಗಡಿ

ಕಾಸರಗೋಡು ಜಿಲ್ಲೆಯ ಪೂರ್ವದಂಚಿನಲ್ಲಿರುವ ರಾಣಿಪುರಂ ಬೆಟ್ಟಗಳು ಕೊಡಗಿನ ತಲಕಾವೇರಿ ಅಭಯಾರಣ್ಯಕ್ಕೆ ತಾಗಿಕೊಂಡಿದ್ದು, ಈ ಭಾಗದ ಘಟ್ಟದ ಕಾಡುಗಳಲ್ಲಿ ಬೂದುಮೈಯ, ಮುಖ ಮತ್ತು ಕೈಕಾಲುಗಳು ಕಪ್ಪಾಗಿರುವ ಮುಸುವಗಳು ಬದುಕುತ್ತವೆ. ತುಳುವರು ಇವನ್ನು ಮುಜು ಎನ್ನುತ್ತಾರೆ. 1841ರಲ್ಲಿ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಇವಕ್ಕೆ ಹೈಪೊಲ್ಯೂಕಸ್ ಎಂಬ ಶಾಸ್ತ್ರೀಯ ಹೆಸರನ್ನು ಕೊಟ್ಟನು. ದಕ್ಷಿಣ ಕೊಡಗಿನಿಂದ ಕನ್ಯಾಕುಮಾರಿಯ ಕಡೆಗೆ ಸಾಗಿದಂತೆ ಘಟ್ಟದ ಕಾಡು ಇವುಗಳ ಹತ್ತಿರದ ಬಂಧುವಾದ ನೀಲಗಿರಿ ಲಂಗೂರಿನದಾಗುತ್ತದೆ: ಅದರ ಮೈ ಮಿರುಗುವ ಕಪ್ಪು, ತಲೆಗೂದಲು ಹೊಂಗಂದು.

ಒಂದು ಜೀವಿಯ ಸಮೂಹ ನದಿ, ಕಣಿವೆ ಅಥವಾ ಒಣ ಬಯಲಿನಿಂದ ಎರಡಾಗಿ ಬೇರ್ಪಟ್ಟು, ಲಕ್ಷಾಂತರ ವರ್ಷ ಕೂಡದೆ ಉಳಿದಾಗ ಎರಡೂ ಕಡೆ ಬೇರೆಬೇರೆ ಬದಲಾವಣೆಗಳು ಶೇಖರವಾಗಿ ಎರಡು ಪ್ರಭೇದಗಳು ರೂಪುಗೊಳ್ಳುತ್ತವೆ, ಇದೇ ಪ್ರಭೇದೋತ್ಪತ್ತಿ. ಆದರೆ ಈ ಅಗಲಿಕೆ ಪೂರ್ಣವಾಗುವ ಮೊದಲೇ ಅವು ಮತ್ತೆ ಎದುರಾದರೆ ಕೂಡಿ ಮರಿ ಹಾಕುವುದುಂಟು, ಆ ಮರಿಗಳನ್ನು ಸಂಕರಗಳೆನ್ನುತ್ತಾರೆ. ಆನೈಮಲೈ ಬೆಟ್ಟಗಳಲ್ಲಿ ನೀಲಗಿರಿ ಲಂಗೂರಿಗೂ ಒಣಕಾಡಿನ ಬೂದು ಮುಸುವಕ್ಕೂ ಹುಟ್ಟಿದ ಇಂತಹ ಸಂಕರಗಳು ವರದಿಯಾಗಿವೆ.

ಬಹುಕಾಲ ಭಾರತದ ಬೂದು ಮುಸುವಗಳೆಲ್ಲ ಹನುಮಾನ್ ಲಂಗೂರ್ ಎಂಬ ಒಂದೇ ಪ್ರಭೇದವೆಂದು ಪರಿಗಣಿತವಾಗಿದ್ದವು. ಸ್ಥೂಲವಾಗಿ ತಾಪಿ ಮತ್ತು ಗೋದಾವರಿಯ ಉತ್ತರಕ್ಕಿರುವವು ನಡೆಯುವಾಗ ಬಾಲವನ್ನು ತಲೆಯತ್ತ ಬಾಗಿಸಿದರೆ ದಕ್ಷಿಣದವು ಹಿಂದಕ್ಕೆ ಬಾಗಿಸುತ್ತವೆ ಎಂಬುದು ತಿಳಿದಿತ್ತಾದರೂ, ಅದನ್ನು ಪ್ರಭೇದದ ಗುರುತೆಂದು ಒಪ್ಪಲು ವಂಶವಾಹಿಗಳ ಸಾಕ್ಷ್ಯ ಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಬಗೆಯ ವಂಶವಾಹಿಗಳನ್ನು ಹೋಲಿಸಿದರು. ಮೊದಲನೆಯದು ಜೀವಕೋಶದ ಮೈಟೊಕಾಂಡ್ರಿಯದಲ್ಲಿದ್ದು ತಾಯಿಯಿಂದ ಮಾತ್ರ ಬರುತ್ತದೆ. ಎರಡನೆಯದು ಕೋಶಕೇಂದ್ರದಲ್ಲಿದ್ದು ತಂದೆತಾಯಿಗಳಿಬ್ಬರಿಂದಲೂ ಬರುತ್ತದೆ. ತಾಯಿಯ ಜಾಡು ಹಿಡಿದರೆ ಹನುಮಾನ್ ಲಂಗೂರುಗಳು ಒಂದೇ ಕವಲಾಗಿ ನಿಲ್ಲದೆ ನೀಲಗಿರಿ ಮತ್ತು ಶ್ರೀಲಂಕಾದ ಲಂಗೂರುಗಳ ನಡುವೆ ಹಂಚಿಹೋದವು, ಕೋಶಕೇಂದ್ರದ ವಂಶವಾಹಿಯಾದರೋ ಇವೆಲ್ಲವುಗಳಲ್ಲಿ ಸಮಾನ ರೂಪಗಳಿರುವುದನ್ನು ತೋರಿಸಿತು. ಆದ್ದರಿಂದ ಹನುಮಾನ್ ಲಂಗೂರನ್ನು ತಾತ್ಕಾಲಿಕವಾಗಿ ಮೂರು ಪ್ರಭೇದಗಳಾಗಿ ವಿಂಗಡಿಸಬೇಕೆಂದು ಅವರು ಸೂಚಿಸಿದರು.

ಈ ಸಮಾನತೆಗೆ ಎರಡು ಕಾರಣಗಳು ಸಾಧ್ಯ: ಪೂರ್ವಜನ ಆಸ್ತಿ ಇನ್ನೂ ಕರಗದೆ ಉಳಿದಿರಬಹುದು, ಇಲ್ಲವೇ ನಡುವೆ ಸಂಕರ ನಡೆದಿರಬಹುದು. ಮುಸುವಗಳಲ್ಲಿ ಹೆಣ್ಣು ಸಾಮಾನ್ಯವಾಗಿ ಹುಟ್ಟಿದ ಗುಂಪಿನಲ್ಲೇ ಉಳಿದು, ಬೆಳೆದ ಗಂಡು ಹೊರಹೋಗುವುದರಿಂದ ಅನ್ಯ ಪ್ರಭೇದದ ನೆಲೆಗೆ ವಂಶವಾಹಿಗಳನ್ನು ಒಯ್ಯುವುದು ಹೆಚ್ಚಾಗಿ ಗಂಡೇ, ಅದರ ಹಾದಿ ತಾಯಿಯ ಜಾಡಿನಲ್ಲಿ ಕಾಣಿಸುವುದೇ ಇಲ್ಲ. ಈಶಾನ್ಯ ಭಾರತ ಮತ್ತು ಭೂತಾನಿನ ಹೊಂಬಣ್ಣದ ಲಂಗೂರಿನಲ್ಲಿ ಎರಡು ಬಗೆಯ ವಂಶವಾಹಿಗಳ ನಡುವಿನ ಈ ವಿರೋಧ ಇನ್ನೂ ಸ್ಪಷ್ಟ: ಅದರ ಮೈಟೊಕಾಂಡ್ರಿಯ ಭಾರತದ ಮುಸುವಗಳ ಬಳಗಕ್ಕೆ ಸೇರಿದರೆ, ಕೋಶಕೇಂದ್ರದ ಸಾಕ್ಷ್ಯ ಆಗ್ನೇಯ ಏಷ್ಯದ ಲಂಗೂರುಗಳತ್ತ ಬೆರಳು ತೋರಿಸುತ್ತದೆ, ಹಾಗಾಗಿ ಪ್ರಾಚೀನ ಸಂಕರವನ್ನು ವಿಜ್ಞಾನಿಗಳು ಶಂಕಿಸುತ್ತಾರೆ.

ಬೇರ್ಪಟ್ಟ ಮಾತ್ರಕ್ಕೆ ಪ್ರಭೇದ ಹುಟ್ಟುವುದಿಲ್ಲ ಎಂಬುದನ್ನೂ ಕಾಸರಗೋಡಿನಲ್ಲೇ ಕಾಣಬಹುದು. ತ್ರಿಕರಿಪುರದ ಬಳಿ ಕವ್ವಾಯಿ ಹಿನ್ನೀರಿನ ನಡುವಿನ ಎಡಯಿಲಕ್ಕಾಡು ಕಾವಿನಲ್ಲಿ, ಅಂದರೆ ದೇವರಕಾಡಿನಲ್ಲಿ, ಓಣಂ ಹಬ್ಬದಲ್ಲಿ ಊರ ಮಕ್ಕಳು ಬಡಿಸುವ ಊಟಕ್ಕೆ ಹೆಸರಾದ ಮಂಗಗಳ ಗುಂಪೊಂದಿದೆ. ಇವು ಮುಸುವಗಳಲ್ಲ, ದಕ್ಷಿಣ ಭಾರತದ ಊರೂರಲ್ಲಿ ಕಾಣುವ ಸಾಮಾನ್ಯ ಮಂಗಗಳೇ. ಇಂತಹ ಚಿಕ್ಕ ಗುಂಪಿಗೆ ಹೊರಗಿನ ಗಂಡುಗಳು ಸೇರದೆ ತಲೆಮಾರುಗಳು ಕಳೆದರೆ ಆಗುವುದು ಹೊಸ ಪ್ರಭೇದವಲ್ಲ. ನೆಂಟರೊಳಗೇ ಕೂಡಿಕೆ ಹೆಚ್ಚಿ ವಂಶವಾಹಿಗಳ ವೈವಿಧ್ಯ ಕುಗ್ಗುತ್ತದೆ, ರೋಗವನ್ನು ಎದುರಿಸುವ ಶಕ್ತಿಯೂ ಅದರೊಂದಿಗೆ ಕುಂದಬಹುದು.