ಯಕೃತ್ತಿನ ಕಸಿಯೂ ಉಪದ್ರವ ವಿಚಾರವೂ

ಕೆಟ್ಟ ಯಕೃತ್ತನ್ನು ತೆಗೆದು ಮತ್ತೊಬ್ಬರ ಯಕೃತ್ತನ್ನು ಆ ಸ್ಥಾನದಲ್ಲಿಡುವ ಶಸ್ತ್ರಕ್ರಿಯೆಗೆ ನಮ್ಮವರು ತೋಟಗಾರರ ‘ಕಸಿ’ ಎಂಬ ಮಾತನ್ನೇ ಕೊಟ್ಟಿರುವುದು ಉಚಿತವಾಗಿದೆ. ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜಲ್ ಎಂಬ ಶಸ್ತ್ರವೈದ್ಯರು 1963ರಲ್ಲಿ ಇದನ್ನು ಮೊದಲು ಮನುಷ್ಯರಲ್ಲಿ ಪ್ರಯತ್ನಿಸಿದರು; ರೋಗಿಯು ಬದುಕಲಿಲ್ಲ. 1967ರಲ್ಲಿ ಅವರಿಗೆ ಸಿದ್ಧಿಯು ದೊರೆಯಿತು. ಯಕೃದ್ರೋಗದೊಡನೆ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳೂ ಕೆಟ್ಟಿರುವವನಿಗೆ ಕಸಿಯನ್ನು ಮಾಡಬಹುದೇ ಎಂಬುದು ಈಗಲೂ ವೈದ್ಯರನ್ನು ಬಾಧಿಸುವ ಪ್ರಶ್ನೆಯು.

ಚರಕಸಂಹಿತೆಯ ವಿಸರ್ಪಚಿಕಿತ್ಸಾ ಪ್ರಕರಣದಲ್ಲಿ ಉಪದ್ರವದ ಲಕ್ಷಣವನ್ನು ಹೇಳಿರುವುದಷ್ಟೆ. ಮೂಲರೋಗವನ್ನು ಆಶ್ರಯಿಸಿ ಅನಂತರ ಹುಟ್ಟುವ ರೋಗವು ಉಪದ್ರವ. ಪ್ರಧಾನವು ಶಮನವಾದರೆ ಅದೂ ‘ಪ್ರಾಯಃ’ ಶಮನವಾಗುವುದೆಂದು ತಾತ್ಪರ್ಯ. ಈ ‘ಪ್ರಾಯಃ’ ಶಬ್ದವು ವ್ಯರ್ಥವಲ್ಲ.

ಯಕೃದ್ರೋಗದಿಂದ ಶ್ವಾಸಕೋಶದಲ್ಲಿ ಎರಡು ವಿಕಾರಗಳು ಹುಟ್ಟಬಹುದು. ಒಂದರಲ್ಲಿ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ರಕ್ತವು ಸಾಕಷ್ಟು ಆಮ್ಲಜನಕವನ್ನು ಪಡೆಯದೆಯೇ ಮುಂದೆ ಸಾಗುವುದು. ಇಂಥ ರೋಗಿಗೆ ಎದ್ದು ಕುಳಿತರೆ ಉಬ್ಬಸವು ಹೆಚ್ಚುವುದೂ ಮಲಗಿದರೆ ಇಳಿಯುವುದೂ ಉಂಟು. ಇದು ಲೋಕಾನುಭವಕ್ಕೆ ವಿಪರೀತವಾದುದು. ಕಸಿಯಾದ ಬಳಿಕ ಈ ವಿಕಾರವು ಕೆಲವು ತಿಂಗಳುಗಳಲ್ಲಿ ಬಹುಮಟ್ಟಿಗೆ ಅಡಗುತ್ತದೆ. ಮತ್ತೊಂದರಲ್ಲಿ ನಾಳಗಳು ಕಿರಿದಾಗಿ, ಶ್ವಾಸಕೋಶದ ಧಮನಿಯಲ್ಲಿ ಒತ್ತಡವು ಏರುವುದು. ಆರೋಗ್ಯವಂತರಲ್ಲಿ ಸರಾಸರಿ 20 ಮಿಲಿಮೀಟರು ಪಾದರಸವನ್ನು ಮೀರದ ಈ ಒತ್ತಡವು 35ನ್ನು ದಾಟಿದರೆ ಅಪಾಯವು ಹೆಚ್ಚು. 50ಕ್ಕೇರಿದರೆ ಸಾಮಾನ್ಯವಾಗಿ ಕಸಿಯನ್ನೇ ನಿರಾಕರಿಸುವರು. ಕಾರಣವಿದು: ಹೊಸ ಯಕೃತ್ತಿಗೆ ರಕ್ತವನ್ನು ಬಿಟ್ಟ ಕ್ಷಣದಲ್ಲಿ ಪ್ರವಾಹವು ಹೃದಯದ ಬಲಭಾಗಕ್ಕೆ ನುಗ್ಗುತ್ತದೆ; ಮುಂದಣ ದಾರಿಯು ಇಕ್ಕಟ್ಟಾಗಿರುವುದರಿಂದ ಹೃದಯವು ಸೋತು, ರೋಗಿಯು ಶಸ್ತ್ರಶಾಲೆಯಲ್ಲಿಯೇ ಮೃತನಾಗಬಹುದು. ಔಷಧಗಳಿಂದ ಒತ್ತಡವನ್ನು ಇಳಿಸಲು ಸಾಧ್ಯವಾದರೆ ಕಸಿಗೆ ಅವಕಾಶವುಂಟು. ಹೀಗೆ ಒಂದೇ ಮೂಲದ ಎರಡು ಉಪದ್ರವಗಳಲ್ಲಿ ಒಂದಕ್ಕೆ ಕಸಿಯು ಮದ್ದು, ಇನ್ನೊಂದಕ್ಕೆ ಮೃತ್ಯುದ್ವಾರ.

ಮೂತ್ರಪಿಂಡದ ವಿಷಯವು ಮತ್ತೂ ವಿಚಿತ್ರವಾದುದು. ಯಕೃದ್ದೋಷದಿಂದ ಕೆಲಸ ನಿಲ್ಲಿಸಿದ ಮೂತ್ರಪಿಂಡವನ್ನು ಬೇರೊಬ್ಬರಿಗೆ ಜೋಡಿಸಿದಾಗ ಅದು ಚೆನ್ನಾಗಿ ಕೆಲಸ ಮಾಡಿದುದುಂಟು. ಆದರೆ ಬಹುಕಾಲ ಕೆಟ್ಟಿದ್ದರೆ ಎರಡು ಅಂಗಗಳ ಕಸಿಯೂ ಬೇಕಾಗಬಹುದು. ಹೃದಯಧಮನಿಗಳ ಅಡಚಣೆಯಾದರೋ ಉಪದ್ರವವೇ ಅಲ್ಲ, ಸ್ವತಂತ್ರ ರೋಗ. ಯಕೃತ್ತು ಹೊಸದಾದರೂ ಅದು ತಾನಾಗಿ ಹೋಗದು.

ಭಾರತದಲ್ಲಿ ಅಂಗದಾನವನ್ನು 1994ರ ಶಾಸನವು ನಿಯಮಿಸುತ್ತದೆ. ಇಲ್ಲಿ ಯಕೃತ್ತಿನ ಕಸಿಗಳಲ್ಲಿ ಹೆಚ್ಚಿನವು ಜೀವಂತ ದಾತೃಗಳಿಂದ, ಬಹುಶಃ ಮನೆಯವರಿಂದಲೇ, ಆಗುತ್ತವೆ. ತಂದೆಯ ಧಮನಿಯ ಒತ್ತಡವನ್ನು ಮೊದಲೇ ಅಳೆಯದಿದ್ದರೆ ಆರೋಗ್ಯವಂತನಾದ ಮಗನ ಹೊಟ್ಟೆಯನ್ನು ಕೊಯ್ದುದೂ ನಿಷ್ಫಲವಾದೀತು.