ಕೇಬಲ್ ಟಿವಿಗೂ ಕಾಯಿದೆ ಇದೆ



ನಂದಗಡ ಗೊತ್ತಲ್ಲ? ಖಾನಾಪುರ ತಾಲೂಕಿನ ಊರು. ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ಊರು. ಇಲ್ಲಿ ಕನ್ನಡ ಮಾತಾಡುವವರಿದ್ದಾರೆ. ಮರಾಠಿ ಮಾತಾಡುವವರೂ ಇದ್ದಾರೆ. ಸಂಜೆ ಆಯಿತೆಂದರೆ ಒಂದು ಮನೆಯಲ್ಲಿ ಕನ್ನಡ ಧಾರಾವಾಹಿ, ಪಕ್ಕದ ಮನೆಯಲ್ಲಿ ಮರಾಠಿ ಧಾರಾವಾಹಿ. ಎರಡೂ ಒಂದೇ ಕೇಬಲ್ ತಂತಿಯಲ್ಲಿ ಬರಬಹುದು.

ಹಾಗಾದರೆ ಈ ತಂತಿಯಲ್ಲಿ ಏನು ಬೇಕಾದರೂ ತೋರಿಸಬಹುದೇ? ಕೇಳುವವರು ಯಾರೂ ಇಲ್ಲವೇ? ಇದ್ದಾರೆ. ಅದಕ್ಕೊಂದು ಕಾಯಿದೆ ಇದೆ. ಅದನ್ನು ತಿಳಿದುಕೊಳ್ಳೋಣ.

ಕಾಯಿದೆ ಹೇಗೆ ಬಂತು?

ಮೊದಲು ನಮಗೆ ದೂರದರ್ಶನ ಒಂದೇ ಇತ್ತು. 1990ರ ನಂತರ ಕೇಬಲ್‌ನವರು ಬಂದರು. ಛತ್ರಿಯಂಥ ದೊಡ್ಡ ಡಿಶ್ ಹಾಕಿದರು. ಕಂಬದಿಂದ ಕಂಬಕ್ಕೆ ತಂತಿ ಎಳೆದರು. ತಿಂಗಳಿಗಿಷ್ಟು ಎಂದು ದುಡ್ಡು ವಸೂಲಿ ಮಾಡಿದರು. ಆಗ ಇದಕ್ಕೆ ಬೇರೆ ಕಾಯಿದೆ ಇರಲಿಲ್ಲ. 1994ರಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. 1995ರಲ್ಲಿ ಅದೇ ಕಾಯಿದೆ ಆಯಿತು.

1995ರಲ್ಲೇ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಗಾಳಿಯಲ್ಲಿ ಸಾಗುವ ಪ್ರಸಾರದ ತರಂಗಗಳು ಜನರ ಆಸ್ತಿ ಎಂದಿತು. ಊರ ಕೆರೆ ಇದ್ದಂತೆ! ಕೆರೆ ಒಬ್ಬರ ಸ್ವತ್ತಲ್ಲ. ಅದರ ನೀರು ಕೆಡಿಸಿದರೆ ಊರೇ ಕೇಳಬೇಕು.

ಕಾಯಿದೆ ಏನು ಹೇಳುತ್ತದೆ?

ಕೇಬಲ್ ನಡೆಸುವವರು ನೋಂದಣಿ ಮಾಡಿಸಬೇಕು. ಮೊದಲು ಇದು ಮುಖ್ಯ ಅಂಚೆ ಕಚೇರಿಯಲ್ಲಿ ಆಗುತ್ತಿತ್ತು. 2025ರಿಂದ ಕೇಂದ್ರ ಸರ್ಕಾರವೇ ಮಾಡುತ್ತದೆ. ದೂರದರ್ಶನದ ಕೆಲವು ಚಾನೆಲ್‌ಗಳನ್ನು ಕೇಬಲ್‌ನವರು ಕೊಡಲೇಬೇಕು.

ಕೆಲವನ್ನು ತೋರಿಸುವಂತಿಲ್ಲ:

ಹೆಣ್ಣನ್ನು ಕೀಳಾಗಿ ಕಾಣಿಸುವ ಕಾರ್ಯಕ್ರಮ.
ಮೂಢನಂಬಿಕೆ ಬೆಳೆಸುವ ಕಾರ್ಯಕ್ರಮ.
ಜಾತಿ, ಧರ್ಮ, ಭಾಷೆಯ ಹೆಸರಲ್ಲಿ ಜಗಳ ಹಚ್ಚುವ ಮಾತು.
ಹೆಂಡ, ಬೀಡಿ, ಸಿಗರೇಟಿನ ಜಾಹೀರಾತು.
ವರದಕ್ಷಿಣೆ, ಬಾಲ್ಯವಿವಾಹಕ್ಕೆ ಒತ್ತು ಕೊಡುವ ಜಾಹೀರಾತು.

ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದು ಎಂದೂ ನಿಯಮವಿದೆ.

ಭಾಷೆಯ ಮಾತು ನಮ್ಮ ಗಡಿನಾಡಿಗೆ ಬಹಳ ಮುಖ್ಯ. ನಂದಗಡದಲ್ಲಿ ಕನ್ನಡದ ಅಕ್ಕ, ಮರಾಠಿಯ ಅಕ್ಕ ಒಂದೇ ಸಂತೆಗೆ ಹೋಗ್ತಾರೆ. ಟಿವಿ ಅವರ ನಡುವೆ ಕಿಡಿ ಹಾಕಬಾರದು. ಅಂಥ ಕಾರ್ಯಕ್ರಮವನ್ನು ಕೇಬಲ್‌ನವರು ತೋರಿಸದಂತೆ ತಡೆಯುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಉಪವಿಭಾಗಾಧಿಕಾರಿಗೂ ಇದೆ.

ದೂರು ಯಾರಿಗೆ?

“ನಾವು ಬರೆದರೆ ಯಾರು ಓದ್ತಾರವ್ವ?” ಅಂತ ನೀವು ಕೇಳಬಹುದು. ಓದಲೇಬೇಕು. 2021ರ ನಿಯಮ ಹಾಗೆ ಹೇಳುತ್ತದೆ. ಮೊದಲು ಆ ಚಾನೆಲ್‌ಗೇ ಬರೆಯಿರಿ. ದೂರು ಬಂದಿದೆ ಎಂದು 24 ಗಂಟೆಯೊಳಗೆ ಅವರು ತಿಳಿಸಬೇಕು. 15 ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಸರಿ ಕಾಣದಿದ್ದರೆ ಚಾನೆಲ್‌ಗಳೇ ಮಾಡಿಕೊಂಡ ಸಂಸ್ಥೆಗೆ ಹೋಗಬಹುದು. ಅದರ ಮೇಲೆ ಕೇಂದ್ರ ಸರ್ಕಾರವಿದೆ.

ಊರಿನ ಕೇಬಲ್‌ನವರು ತಾವೇ ಹಾಕುವ ಕಾರ್ಯಕ್ರಮದ ಮೇಲೆ ದೂರಿದ್ದರೆ ಜಿಲ್ಲಾಧಿಕಾರಿಗೆ ಬರೆಯಿರಿ. ಪ್ರತಿ ಜಿಲ್ಲೆಗೂ ಒಂದು ಸಮಿತಿ ಇರಬೇಕೆಂದು 2008ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಅದರಲ್ಲಿ ಮಹಿಳಾ ಕಾಲೇಜಿನ ಪ್ರಾಂಶುಪಾಲರು ಇರಬೇಕು. ಹೆಣ್ಣುಮಕ್ಕಳಿಗಾಗಿ ದುಡಿಯುವ ಸಂಸ್ಥೆಯವರೂ ಇರಬೇಕು.

ದೂರಿನಲ್ಲಿ ಇಷ್ಟು ಬರೆದರೆ ಸಾಕು: ಚಾನೆಲ್ ಹೆಸರು, ತಾರೀಖು, ವೇಳೆ, ಏನು ತೋರಿಸಿದರು, ಅದರಿಂದ ಏನು ಕೆಡುಕು. ಕೆಳಗೆ ನಿಮ್ಮ ಸಹಿ. ಹೆಬ್ಬೆಟ್ಟಲ್ಲ, ಸಹಿ!

ಇನ್ನೊಂದು ಮಾತು

ಕೊಡಲಿ ಕಟ್ಟಿಗೆ ಕಡಿಯಲು ಬೇಕು. ಆದರೆ ಹಣ್ಣಿನ ಮರಕ್ಕೆ ಹಾಕಬಾರದು. ಅಧಿಕಾರವೂ ಹಾಗೆಯೇ. ಜನರ ಹಿತ ಎಂದು ಹೇಳಿ, ಸರ್ಕಾರದ ತಪ್ಪು ತೋರಿಸುವವರ ಬಾಯಿ ಮುಚ್ಚಿಸಬಾರದು. 2024ರಲ್ಲಿ ಪವರ್ ಟಿವಿ ಎಂಬ ಕನ್ನಡ ಚಾನೆಲ್‌ನ ಪ್ರಸಾರ ನಿಲ್ಲಿಸಲು ಹೈಕೋರ್ಟು ಹೇಳಿತ್ತು. ಪರವಾನಗಿಯ ತಕರಾರು ಅದು. ಸುಪ್ರೀಂ ಕೋರ್ಟು ಆ ಆದೇಶವನ್ನು ತಡೆಯಿತು. ಇದರಲ್ಲಿ ರಾಜಕೀಯ ದ್ವೇಷ ಕಾಣುತ್ತದೆ ಎಂದಿತು.

ಆದ್ದರಿಂದ ನಾವು ಎರಡೂ ಕಡೆ ಕಣ್ಣಿಡೋಣ. ಟಿವಿಯವರ ಮೇಲೂ, ಟಿವಿಯನ್ನು ಕಾಯುವವರ ಮೇಲೂ.

ಕೂಡಿ ಮಾತಾಡಿ

1. ನಿಮ್ಮ ಮನೆಯ ಟಿವಿಯಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ?
2. ಮಕ್ಕಳು ನೋಡಬಾರದ್ದು ಯಾವ ವೇಳೆಯಲ್ಲಿ ಬರುತ್ತದೆ?
3. ಎಲ್ಲರೂ ಸೇರಿ ಒಂದು ದೂರು ಬರೆದು ನೋಡಿ.